ಚಿಕ್ಕಮ್ಮನ ಹದಿನೈದು ಸಿಸಿ

ನಮ್ಮ ಚಿಕ್ಕಮ್ಮನಿಗೆ ಮರುಳು ಎಂದು ಹೇಳುವವರು ಯಾರೂ ಅವಳನ್ನು ಸರಿಯಾಗಿ ಬಲ್ಲವರಲ್ಲ. ಸರಿಯಾಗಿ ಬಲ್ಲವರು ಹಾಗೆ ಹೇಳುವ ಮೊದಲು ಒಮ್ಮೆ ಹಿಂದೆ ತಿರುಗಿ ನೋಡಿಕೊಳ್ಳುತ್ತಾರೆ! ಯಾಕೆಂದರೆ ಬದಿಯಡ್ಕದ ಸುತ್ತಮುತ್ತ ಮೂವತ್ತು ಮೂವತ್ತೈದು ವರ್ಷದವರನ್ನು ಯಾರನ್ನೇ ಹಿಡಿದು ನಿಲ್ಲಿಸಿ, ಅವರ ತೊಡೆಗೆ ಮೊದಲ ಸೂಜಿ ಚುಚ್ಚಿದವಳು ಇವಳೇ ಆಗಿರುವ ಸಾಧ್ಯತೆ ಹೆಚ್ಚು. ಸರಕಾರಿ ನರ್ಸ್ ಆಗಿ ಗುಡ್ಡೆ ಗುಡ್ಡೆ ಸುತ್ತಿ, ಮಕ್ಕಳ ಬಾಯಿಗೆ ಪೋಲಿಯೋ ಹನಿ ಹಾಕಿ, ತಾಯಂದಿರಿಗೆ ಬೈದು ಬುದ್ಧಿ ಹೇಳಿ ನಿವೃತ್ತಳಾದವಳು. ಅಂಥವಳು ಅರುವತ್ತೊಂದನೆಯ ವಯಸ್ಸಿನಲ್ಲಿ, ಒಂದು ದಿನ ಬೆಳಿಗ್ಗೆ, ಅವಳ ಮನೆಯಲ್ಲೇ ಬೀಡುಬಿಟ್ಟಿದ್ದ ನನ್ನ ಬಟ್ಟಲಿಗೆ ನೀರುದೋಸೆ ಹಾಕುತ್ತಾ ಘೋಷಿಸಿದಳು:

"ಸ್ಕೂಟರಿನ ಇಂಜಿನ್ ದೊಡ್ಡದು ಮಾಡ್ಲಿಕ್ಕುಂಟು. ನಾನೇ ಮಾಡುವುದು."

ಬೆಳಿಗ್ಗೆ ಎಂದೆನೇ? ಸಂಜೆಯೂ ಇರಬಹುದು. ನೀರುದೋಸೆ ಇದ್ದದ್ದು ನೆನಪಿದೆ, ಆದರೆ ಆ ಮನೆಯಲ್ಲಿ ಸಂಜೆಗೂ ನೀರುದೋಸೆಯೇ. ಇತಿಹಾಸದಲ್ಲಿ ಆರು ವರ್ಷ ಸಂಶೋಧನೆ ಮಾಡಿ ನಾನು ಕಲಿತದ್ದು ಇಷ್ಟೇ: ಕಣ್ಣಾರೆ ಕಂಡೆ ಎನ್ನುವವನನ್ನು ನಂಬಬಾರದು. ಆ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು. ಮುಂದೆ ಓದುವವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಸ್ಕೂಟರಿನ ವಿಷಯ ಹೇಳುತ್ತೇನೆ. ಅರುವತ್ತು ಸಿಸಿಯ ಪುಟ್ಟ ಟೂ ಸ್ಟ್ರೋಕ್ ಗಾಡಿ, ವಯಸ್ಸು ಇಪ್ಪತ್ತಾರು. ಚಿಕ್ಕಮ್ಮನ ಮನೆ ಇರುವುದು ಒಂದು ಕಡಿದಾದ ಏರಿನ ತುದಿಯಲ್ಲಿ. ಈ ಗಾಡಿ ಒಬ್ಬರನ್ನು ಕೂರಿಸಿಕೊಂಡು ಆ ಏರನ್ನು ಹತ್ತುತ್ತದೆ. ಇಬ್ಬರನ್ನು ಕೂರಿಸಿಕೊಂಡರೆ ಅರ್ಧಕ್ಕೆ ಬಂದು ಕೆಮ್ಮುತ್ತದೆ. ಓಡಿಸುವವಳು ಚಿಕ್ಕಮ್ಮ, ಚಿಕ್ಕಪ್ಪನಿಗೆ ಓಡಿಸಲು ಬರುವುದಿಲ್ಲ. ಹಾಗಾಗಿ ಪೇಟೆಯಿಂದ ವಾಪಸು ಬರುವಾಗಲೆಲ್ಲ ಚಿಕ್ಕಪ್ಪ ಅರ್ಧದಲ್ಲಿ ಇಳಿದು, ಪಂಚೆ ಎತ್ತಿ ಕಟ್ಟಿ, ನಡೆದು ಮೇಲೆ ಬರುತ್ತಿದ್ದರು. ಇಪ್ಪತ್ತಾರು ವರ್ಷ! ಸಹಕಾರಿ ಸಂಘದ ಗುಮಾಸ್ತರಾಗಿದ್ದವರು. ತಾಳ್ಮೆ ಅವರಿಗೆ ಉದ್ಯೋಗದಿಂದಲೇ ಬಂದಿತ್ತು.

ಕಳೆದ ವರ್ಷ ಅವರ ಎದೆಯೊಳಗೆ ಒಂದು ಸ್ಟೆಂಟ್ ಕೂತಿತು. ಏರು ಹತ್ತಬಾರದು ಎಂದರು ಡಾಕ್ಟರು. ರಿಕ್ಷಾದಲ್ಲಿ ಹೋಗಬಹುದಲ್ಲ ಎಂದು ನೀವು ಕೇಳುತ್ತೀರಿ. ನಾವೂ ಕೇಳಿದೆವು. ಆದರೆ ಎದೆನೋವು ಬಂದ ದಿನ ಅವರನ್ನು ಆಸ್ಪತ್ರೆಗೆ ಒಯ್ದದ್ದು ರಿಕ್ಷಾ. ಅಂದಿನಿಂದ ರಿಕ್ಷಾದ ಸದ್ದು ಕೇಳಿದರೆ ಅವರ ಕೈ ತಾನಾಗಿ ಎದೆಗೆ ಹೋಗುತ್ತದೆ. ಅಲ್ಲಿಗೆ ಅವರು ಬದಿಯಡ್ಕದ ವಾಚನಾಲಯಕ್ಕೆ ಹೋಗುವುದು ನಿಂತಿತು. ದಿನವೂ ಸಂಜೆ ಅಲ್ಲಿ ಎರಡು ಕನ್ನಡ, ಎರಡು ಮಲಯಾಳ ಪತ್ರಿಕೆ ಓದಿ, ಒಬ್ಬ ನಿವೃತ್ತ ಬಸ್ ಕಂಡಕ್ಟರರ ಜೊತೆ ಕಾಸರಗೋಡು ಯಾವ ರಾಜ್ಯದಲ್ಲಿ ಇರಬೇಕಿತ್ತು ಎಂದು ಜಗಳವಾಡಿ ಬರುವುದು ಅವರ ಅರ್ಧ ಆಯುಷ್ಯ. ಈಗ ಜಗಲಿಯಲ್ಲಿ ಕೂತು ನಿನ್ನೆಯ ಪತ್ರಿಕೆಯನ್ನೇ ಮಡಚುತ್ತಾರೆ, ಬಿಡಿಸುತ್ತಾರೆ.

"ಹೊಸ ಸ್ಕೂಟರ್ ತಗೊಂಡ್ರಾಯ್ತಲ್ಲ ಚಿಕ್ಕಮ್ಮಾ?" ಎಂದೆ ನಾನು.

"ಹೊಸತು ಹತ್ತಿದ್ರೆ ಅದು ಕಂಪೆನಿಯವರ ದೊಡ್ಡಸ್ತಿಕೆ. ಅವರನ್ನು ಅರ್ಧದಲ್ಲಿ ಇಳಿಸಿದ್ದು ಇದು. ಇದೇ ಹತ್ತಿಸ್ಬೇಕು."

"ಕಾನೂನು ಉಂಟಲ್ಲ? ಇಂಜಿನ್ ಬದಲಾಯಿಸಿದ್ರೆ ಹಿಡಿಯುವುದಿಲ್ವಾ?"

"ಹೊಟ್ಟೆಯೊಳಗೆ ಎಂತ ಉಂಟೂಂತ ಸ್ಕ್ಯಾನ್ ಮಾಡದೆ ಗೊತ್ತಾಗ್ತದಾ ಮಾರಾಯ?"

ನಾನು ಇನ್ನೊಂದು ದೋಸೆ ಹಾಕಿಸಿಕೊಂಡೆ.

ಅವಳ ವಿದ್ಯಾಭ್ಯಾಸ ನಡೆದದ್ದು ಮೊಬೈಲಿನಲ್ಲಿ. ಯಾವುದೋ ದೇಶದ ಯಾರೋ ಹುಡುಗರು ಯಾವುದೋ ಭಾಷೆಯಲ್ಲಿ ಮಾತಾಡುತ್ತಾ ಇಂಜಿನ್ ಬಿಚ್ಚುವ ವಿಡಿಯೋಗಳನ್ನು ಮೂರು ತಿಂಗಳು ನೋಡಿದಳು. ಭಾಷೆ ತಿಳಿಯುತ್ತದೆಯೇ ಎಂದರೆ, "ಭಾಷೆ ಎಂತಕ್ಕೆ? ಕೈ ನೋಡಿದ್ರೆ ಸಾಕು" ಎಂದಳು. ಹಳೆಯ ಸಿಲಿಂಡರ್ ತೆಗೆದು ಅಗಲವಾದದ್ದು ಕೂರಿಸಬೇಕು, ಅದಕ್ಕೆ ಸರಿಯಾಗಿ ದೊಡ್ಡ ಪಿಸ್ಟನ್, ದೊಡ್ಡ ಕಾರ್ಬುರೇಟರ್; ಅರುವತ್ತು ಹೋಗಿ ಎಪ್ಪತ್ತೈದು ಸಿಸಿ ಆಗುತ್ತದೆ. ಹೆಚ್ಚುವ ಹದಿನೈದು ಚಿಕ್ಕಪ್ಪನಿಗೆ. ಲೆಕ್ಕ ಇಷ್ಟು ಸರಳ!

ಪೇಟೆಯ ಮೆಕ್ಯಾನಿಕ್ ಈ ಲೆಕ್ಕ ಒಪ್ಪಲಿಲ್ಲ. "ಸಿಸ್ಟರೇ, ಇದು ನಿಮ್ಮಿಂದಾಗುವ ಕೆಲಸ ಅಲ್ಲ. ಗುಜರಿಗೆ ಕೊಡಿ ಅದನ್ನು" ಎಂದ. ನಾಲ್ಕು ಗಿರಾಕಿಗಳು ನಿಂತಿದ್ದರು. ಚಿಕ್ಕಮ್ಮ ದನಿ ಏರಿಸಲಿಲ್ಲ. "ನಿನಗೆ ಒಂದೂವರೆ ತಿಂಗಳಾಗಿದ್ದಾಗ ನಿನ್ನನ್ನು ಬರಿಮೈಯಲ್ಲಿ ಮಲಗಿಸಿ ಸೂಜಿ ಹಾಕಿದ್ದು ಯಾರು? ಎಷ್ಟು ಅತ್ತಿದ್ದೀಂತ ಹೇಳ್ಬೇಕಾ ಇವರಿಗೆ?" ಎಂದಳು. ಹತ್ತು ನಿಮಿಷದಲ್ಲಿ ನಮ್ಮ ಚೀಲದೊಳಗೆ ಅವನ ಅರ್ಧ ಅಂಗಡಿಯ ಉಪಕರಣಗಳಿದ್ದವು. ಪೋಲಿಯೋ ಹನಿಯೂ ಹಾಕಿದ್ದಾಳೆ ಎಂದು ನೆನಪಿಸಿದ್ದರೆ ಉಳಿದರ್ಧವೂ ಬರುತ್ತಿತ್ತು.

ಶಸ್ತ್ರಚಿಕಿತ್ಸೆ ಜಗಲಿಯಲ್ಲಿ ನಡೆಯಿತು. ಬೇರೆ ಶಬ್ದ ನನಗೆ ಸಿಗುವುದಿಲ್ಲ. ಬಿಳಿ ಹಾಸು, ಕೈಗೆ ಗವುಸು, ಸ್ಟೀಲ್ ತಟ್ಟೆಯಲ್ಲಿ ಸಾಲಾಗಿ ಸ್ಪಾನರುಗಳು. ಗೋಡೆಯ ಮೊಳೆಗೆ ರೋಗಿಯ ಚೀಟಿ: 'ವಯಸ್ಸು ಇಪ್ಪತ್ತಾರು. ದೂರು: ಏರಿನಲ್ಲಿ ಉಬ್ಬಸ.' ಸೈಲೆನ್ಸರಿನಲ್ಲಿ ಕಟ್ಟಿದ್ದ ಕರಿಯನ್ನು ನೋಡಿ, "ಮಲಬದ್ಧತೆ" ಎಂದು ಅದನ್ನೂ ಬರೆದಳು. ನನ್ನ ಕೆಲಸ ಟಾರ್ಚ್ ಹಿಡಿಯುವುದು ಮತ್ತು ಮಾತಾಡದೆ ಇರುವುದು. ಎರಡನೆಯದರಲ್ಲಿ ನಾನು ಅಷ್ಟೇನೂ ಯಶಸ್ವಿಯಾಗಲಿಲ್ಲ.

ಬಿಚ್ಚಿದ ಸ್ಕ್ರೂಗಳು ಬೆರೆತುಹೋಗಬಾರದು ಎಂದು ಅವಳು ಕಂಡುಹಿಡಿದ ಉಪಾಯ ಅದ್ಭುತವಾದದ್ದು. ಚಿಕ್ಕಪ್ಪನಿಗೆ ಒಂದು ಮಾತ್ರೆ ಡಬ್ಬಿ ಇತ್ತು, ಸೋಮವಾರದಿಂದ ಭಾನುವಾರದವರೆಗೆ, ಬೆಳಿಗ್ಗೆ ಮಧ್ಯಾಹ್ನ ರಾತ್ರಿ ಎಂದು ಇಪ್ಪತ್ತೊಂದು ಗೂಡುಗಳದ್ದು. ಅಂಥದ್ದೇ ಇನ್ನೊಂದು ತಂದು ಅದರಲ್ಲಿ ತುಂಬಿಸಿದಳು. ಎರಡೂ ಡಬ್ಬಿಗಳು ಊಟದ ಮೇಜಿನ ಮೇಲೆ ಅಕ್ಕಪಕ್ಕ ಇದ್ದವು. ಬುಧವಾರ ಮಧ್ಯಾಹ್ನ ಚಿಕ್ಕಪ್ಪ ಊಟ ಮುಗಿಸಿ, ನೀರಿನ ಲೋಟ ಎತ್ತಿ, ಅಂಗೈಯನ್ನು ಬಾಯಿಯ ಹತ್ತಿರ ತಂದು ನಿಲ್ಲಿಸಿದರು.

"ಇವಳೇ, ಇದು ಯಾವುದಕ್ಕೆ? ಗ್ಯಾಸಿಗಾ?"

ಅಂಗೈಯಲ್ಲಿ ಪುಟ್ಟ ತಂತಿಯ ಉಂಗುರದಂಥ ಪಿಸ್ಟನ್ ಪಿನ್ನಿನ ಲಾಕ್ ಇತ್ತು!

ಅದೇ ವಾರ ನಾನು ಫ್ರಿಜ್ಜಿನಲ್ಲಿ ಐಸ್ ಹುಡುಕುವಾಗ ಬೂತಾಯಿ ಮೀನಿನ ಡಬ್ಬಿಯ ಪಕ್ಕ ಇನ್ನೊಂದು ಡಬ್ಬಿ ಸಿಕ್ಕಿತು. ಒಳಗೆ ಇಂಜಿನ್ನಿಗೆ ಕೂರಿಸಲಿಕ್ಕಿದ್ದ ಎರಡು ಬೇರಿಂಗ್. ತಣ್ಣಗಾದರೆ ಅವು ಒಂದು ಕೂದಲೆಳೆಯಷ್ಟು ಕುಗ್ಗುತ್ತವೆ, ಆಗ ಸಲೀಸಾಗಿ ಕೂರುತ್ತವೆಯಂತೆ. ನಾನು ನಂಬಲಿಲ್ಲ. ಅವು ಸಲೀಸಾಗಿ ಕೂತವು. ನನ್ನ ನಂಬಿಕೆಗೆ ಕಾಯುವ ಅಭ್ಯಾಸ ಬೇರಿಂಗುಗಳಿಗೆ ಇಲ್ಲ ಎಂದು ಕಾಣುತ್ತದೆ.

ಹನ್ನೊಂದನೆಯ ಕಿಕ್ಕಿಗೆ ಇಂಜಿನ್ ಮಾತಾಡಿತು. (ಚಿಕ್ಕಮ್ಮನ ಪ್ರಕಾರ ನಾಲ್ಕನೆಯದಕ್ಕೆ. ಹನ್ನೊಂದೂ ಒದ್ದವನು ನಾನು, ಆದರೂ ಈಗ ಸಂಶಯ ಬಂದಿದೆ.) ಜಗಲಿ ತುಂಬ ನೀಲಿ ಹೊಗೆ. ಚಿಕ್ಕಪ್ಪ ಪತ್ರಿಕೆ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ನಾನು ಸಹ ತಟ್ಟಿದೆ, ಮೆಲ್ಲಗೆ.

ಮೂರನೆಯ ದಿನ, ಸಮತಟ್ಟಾದ ರಸ್ತೆಯಲ್ಲಿ, ಇಂಜಿನ್ ಒಮ್ಮೆ ಕಿರುಚಿ ಹಿಂದಿನ ಚಕ್ರದ ಸಮೇತ ಬಿಗಿದು ನಿಂತಿತು. ಮೆಲ್ಲಗೆ ಹೋಗುತ್ತಿದ್ದಳು, ಬೀಳಲಿಲ್ಲ. ಬಿಚ್ಚಿ ನೋಡಿದರೆ ಹೊಸ ಪಿಸ್ಟನಿನ ಮೈ ತುಂಬ ಬೆಕ್ಕು ಪರಚಿದ ಹಾಗೆ ಗೀರುಗಳು. ಮೆಕ್ಯಾನಿಕ್ ಮನೆಗೇ ಬಂದ. ಈ ಜಾತಿಯ ಇಂಜಿನ್ನಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು. ಎಷ್ಟು ಎಂದು ಅವನೇ ಹೇಳಿಕೊಟ್ಟಿದ್ದ.

"ಸಿಸ್ಟರೇ, ಆಯಿಲ್ ಅಳತೆ ಮಾಡಿ ಹಾಕಿದ್ದೀರಲ್ಲ?"

"ಸಿರಿಂಜಿನಲ್ಲಿ ಎಳೆದು ಹಾಕಿದ್ದೇನೆ. ಒಂದು ತೊಟ್ಟು ಆಚೀಚೆ ಇಲ್ಲ."

"ನಾನು ಹೇಳಿದಷ್ಟಾ?"

"ನೀನು ಹೇಳಿದ್ದರ ಅರ್ಧ."

"ಅರ್ಧ! ಯಾಕೆ?"

"ಇಡೀ ಮನೆಗೇ ಈಗ ಅರ್ಧ ಅಲ್ವಾ ಎಣ್ಣೆ!"

ಸ್ಟೆಂಟ್ ಬಂದಂದಿನಿಂದ ಆ ಮನೆಯಲ್ಲಿ ದೋಸೆ ಕಾವಲಿಗೂ ಎಣ್ಣೆ ತೋರಿಸಿ ತೆಗೆಯುವುದು ರೂಢಿ. ಎಣ್ಣೆ ಕಡಿಮೆಯಾದಷ್ಟೂ ಆರೋಗ್ಯ ಎಂಬ ನಿಯಮದಿಂದ ಇಂಜಿನ್ನಿಗೆ ಮಾತ್ರ ವಿನಾಯಿತಿ ಕೊಡುವುದಕ್ಕೆ ಅವಳ ಕೈ ಬಂದಿರಲಿಲ್ಲ. ಮೆಕ್ಯಾನಿಕ್ ತಲೆಯ ಮೇಲೆ ಕೈ ಹೊತ್ತು ಕೂತ. ಚಿಕ್ಕಪ್ಪ ಮಾತ್ರ ಪಿಸ್ಟನ್ನನ್ನು ಕೈಗೆತ್ತಿಕೊಂಡು ಸಹಾನುಭೂತಿಯಿಂದ ನೋಡಿದರು. "ನಾನು ಸಹಿಸಿದೆ. ಪಾಪ, ಇದಕ್ಕೆ ಆಗಲಿಲ್ಲ" ಎಂದರು.

ಎಲ್ಲರೂ ನಕ್ಕೆವು. ಚಿಕ್ಕಮ್ಮ ನಗಲಿಲ್ಲ. ಮೆಕ್ಯಾನಿಕ್ ಹೋದ ಮೇಲೆ, ಚಿಕ್ಕಪ್ಪ ಸ್ನಾನಕ್ಕೆ ಎದ್ದ ಮೇಲೆ, ಗವುಸು ಕಳಚುತ್ತಾ, "ಇದು ಹತ್ತದಿದ್ರೆ ಅವರು ಇನ್ನು ಕೆಳಗೆ ಇಳಿಯುವುದೇ ಇಲ್ಲ ಮಗಾ. ಇಲ್ಲೇ ಕೂತು ಕೂತು ಹೋಗ್ತಾರೆ" ಎಂದಳು. ಆಮೇಲೆ ಇನ್ನೊಂದು ಪಿಸ್ಟನ್ ತರಿಸಲು ಮೊಬೈಲ್ ತೆಗೆದಳು. ನಾನು ಟಾರ್ಚ್ ಚಾರ್ಜಿಗೆ ಇಟ್ಟೆ.

ಎರಡನೆಯ ಸಲ ಆಯಿಲ್ ಪೂರ್ತಿ ಬಿತ್ತು. ಹೊಸ ಪಿಸ್ಟನ್ ಪಳಗುವವರೆಗೆ ಗಾಡಿಯನ್ನು ಜೋರಾಗಿ ಓಡಿಸಬಾರದು, ಭಾರ ಹೇರಬಾರದು ಎಂದ ಮೆಕ್ಯಾನಿಕ್. ಚಿಕ್ಕಮ್ಮನಿಗೆ ಇದನ್ನು ವಿವರಿಸುವ ಅಗತ್ಯವೇ ಇರಲಿಲ್ಲ. "ಬಾಣಂತನ" ಎಂದಳು. ನಲವತ್ತು ದಿನ ಎಂದು ತೀರ್ಮಾನವೂ ಆಯಿತು. ಗಾಡಿಗೆ ಗಾಳಿ ತಾಗದ ಹಾಗೆ ಹಳೆಯ ಸೀರೆ ಹೊದೆಸಿದಳು. ನೋಡಲು ಬಂದ ನೆರೆಯವರು ಸದ್ದು ಮಾಡದೆ ನೋಡಿ ಹೋದರು.

ಭಾರ ಹೇರಬಾರದು, ಆದರೆ ಓಡಿಸಬೇಕು. ಹಾಗಾಗಿ ಅವಳೊಬ್ಬಳೇ ದಿನವೂ ಸಂಜೆ ವಾಚನಾಲಯಕ್ಕೆ ಹೋಗತೊಡಗಿದಳು. ವಾಪಸು ಬಂದು ಚಿಕ್ಕಪ್ಪನಿಗೆ ವರದಿ: "ಕಂಡಕ್ಟರು ಹೇಳಿದ್ರು, ನೀವು ಹೇಳಿದ್ದು ಶುದ್ಧ ತಪ್ಪಂತೆ." ಚಿಕ್ಕಪ್ಪ ನೆಟ್ಟಗೆ ಕೂತು, "ಹಾಗಾದ್ರೆ ಅವನಿಗೆ ಹೇಳು" ಎಂದು ಮೂರು ಅಂಶಗಳ ಉತ್ತರ ಕೊಡುತ್ತಿದ್ದರು. ಮರುದಿನ ಅವಳು ಅದನ್ನು ಒಯ್ಯುತ್ತಿದ್ದಳು. ಎರಡು ವಾರ ಕಳೆದ ಮೇಲೆ ನಾನೊಮ್ಮೆ ಹಿಂದೆಯೇ ಹೋಗಿ, ಅವಳು ಒಪ್ಪಿಸುವುದನ್ನು ಕೇಳಿದೆ. ಮೂರರಲ್ಲಿ ಎರಡು ಅಂಶಗಳು ದಾರಿಯಲ್ಲೇ ಉದುರಿಹೋಗಿ, ಅವುಗಳ ಜಾಗದಲ್ಲಿ ಚಿಕ್ಕಮ್ಮನ ಸ್ವಂತ ಅಭಿಪ್ರಾಯಗಳು ಕೂತಿದ್ದವು. ವಾಚನಾಲಯದವರ ಮಟ್ಟಿಗೆ ಚಿಕ್ಕಪ್ಪ ಅಷ್ಟರಲ್ಲಿ ವಾದದ ಪಕ್ಷವನ್ನೇ ಬದಲಾಯಿಸಿದ್ದರು. ಅವರಿಗೆ ಮಾತ್ರ ಗೊತ್ತಿರಲಿಲ್ಲ!

ನಲವತ್ತೊಂದನೆಯ ದಿನ ಇಬ್ಬರೂ ಹೆಲ್ಮೆಟ್ ಹಾಕಿ ಕೆಳಗಿಳಿದು ಹೋದರು. ಇಳಿಯುವುದು ದೊಡ್ಡದಲ್ಲ, ಇಳಿಯುವಾಗ ಗೀರು ಬಿದ್ದ ಪಿಸ್ಟನ್ನೂ ಸಾಕು. ವಾಪಸು ಬರುವ ಹೊತ್ತಿಗೆ ನನ್ನನ್ನು ಏರಿನ ತುದಿಯಲ್ಲಿ, ಮನೆಯ ಗೇಟಿನ ಎದುರು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನಿಲ್ಲಲು ಹೇಳಿದ್ದಳು. ತಿರುವಿನಲ್ಲಿ ಗಾಡಿ ಕಂಡ ಕೂಡಲೇ ಒತ್ತಬೇಕು, ಗೇಟಿಗೆ ಮುಟ್ಟಿದಾಗ ಇನ್ನೊಮ್ಮೆ ಒತ್ತಬೇಕು. ಎಷ್ಟು ಸೆಕೆಂಡ್ ಎಂದು ಚೀಟಿಯಲ್ಲಿ ಬರೆಯಲಿಕ್ಕಿದೆ.

ಆರೂವರೆಗೆ ಕೆಳಗಿನಿಂದ ಸದ್ದು ಬಂತು. ತಿರುವಿನಲ್ಲಿ ಎರಡು ಹೆಲ್ಮೆಟ್ ಕಂಡವು. ಅರ್ಧ ಏರಿನವರೆಗೆ ಗಾಡಿ ಹಾಡಿಕೊಂಡು ಬಂತು. ಅಲ್ಲಿ ಸದ್ದು ಇಳಿಯಿತು. ಇನ್ನೂ ಇಳಿಯಿತು. ಮುಗಿಯಿತು ಎಂದುಕೊಂಡೆ, ನನ್ನ ವಿದ್ಯೆಗೆ ತಕ್ಕ ಹಾಗೆ. ಆದರೆ ಇಳಿದ ಸದ್ದು ಸಾಯಲಿಲ್ಲ. ಅದೇ ಗೊಗ್ಗರು ದನಿಯಲ್ಲಿ, ಹೊಗೆ ಬಿಡುತ್ತಾ, ನಡೆಯುವವರಿಗಿಂತ ಸ್ವಲ್ಪವೇ ಬೇಗ, ಗಾಡಿ ಮೇಲೆ ಬರುತ್ತಿತ್ತು. ಚಿಕ್ಕಮ್ಮ ಹ್ಯಾಂಡಲಿನ ಮೇಲೆ ಬಾಗಿದ್ದಳು. ಯಾವಾಗಲೂ ಹಿಂದಿನ ಕಂಬಿ ಹಿಡಿದು, ಯಾರದೋ ಗಾಡಿಯಲ್ಲಿ ಕೂತವರ ಹಾಗೆ ಮರ್ಯಾದೆಯಿಂದ ಕೂರುವ ಚಿಕ್ಕಪ್ಪ ಎರಡೂ ಕೈಗಳಿಂದ ಅವಳ ಸೊಂಟವನ್ನು ಬಳಸಿ, ಹೆಲ್ಮೆಟನ್ನು ಅವಳ ಬೆನ್ನಿಗೆ ಒತ್ತಿ ಕೂತಿದ್ದರು.

ಗಾಡಿ ಗೇಟು ದಾಟಿ ಅಂಗಳಕ್ಕೆ ಬಂದು ನಿಂತಿತು.

"ಎಷ್ಟು?" ಎಂದಳು ಚಿಕ್ಕಮ್ಮ.

ಮೊಬೈಲ್ ನೋಡಿದೆ. ನಾನು ಒತ್ತಿಯೇ ಇರಲಿಲ್ಲ.

"ನಲವತ್ತೆರಡು" ಎಂದೆ. ದಾಖಲೆಗೆ ಸುಳ್ಳು ಸೇರಿಸಿದ ಮೊದಲ ಇತಿಹಾಸಕಾರ ನಾನೇನಲ್ಲ.

ಅವಳು ಇಂಜಿನ್ ಆರಿಸಿದಳು. ಹಿಂದಿನ ಸೀಟಿನಲ್ಲಿ ಚಿಕ್ಕಪ್ಪ ಹಾಗೆಯೇ ಕೂತಿದ್ದರು.

"ಇಳೀರಿ. ಎಂತ ಕೂತದ್ದು? ಮನೆ ಬಂತು."

ಚಿಕ್ಕಪ್ಪ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಯಾವ ಕಾಲು ಮೊದಲು ಇಡುವುದು ಎಂದು ಅವರಿಗೆ ಹೊಳೆದ ಹಾಗೆ ಕಾಣಲಿಲ್ಲ.

"ಇರು ಮಾರಾಯ್ತಿ," ಎಂದರು, "ಇಲ್ಲಿ ಇಳಿದು ಅಭ್ಯಾಸ ಇಲ್ಲ ನನಗೆ."

ಚಿಕ್ಕಮ್ಮ ಹಿಂದೆ ತಿರುಗದೆ, ಎರಡೂ ಕಾಲುಗಳನ್ನು ನೆಲಕ್ಕೆ ಊರಿ, ಬ್ರೇಕ್ ಬಿಗಿಯಾಗಿ ಹಿಡಿದು, ಅವರಿಗೆ ಇಳಿಯಬೇಕೆಂದು ತೋರುವವರೆಗೆ ಹಾಗೆಯೇ ಗಾಡಿಯನ್ನು ಹಿಡಿದುಕೊಂಡಿದ್ದಳು.