ಬೆಲ್ಟ್ ಕೇಸಿನ ಅಳಿಯ

ಸೀಟ್ ಬೆಲ್ಟ್ ಮಾಡಿರುವುದು ಪೊಲೀಸರ ಸಂತೋಷಕ್ಕಲ್ಲ, ಅದನ್ನು ಹಾಕಿಕೊಂಡವನ ಪ್ರಾಣಕ್ಕೆ. ಇಷ್ಟು ಗೊತ್ತಿಲ್ಲದವರಿಗೂ ನಮ್ಮಲ್ಲಿ ಲೈಸೆನ್ಸ್ ಸಿಗುತ್ತದೆ. ಹಿಂದೂಪುರದ ರಘುನಾಥನಿಗೂ ಸಿಕ್ಕಿತ್ತು.

ಅಂದು ಕಲ್ಯಾಣದುರ್ಗದ ಮಾವನ ಮನೆಯಲ್ಲಿ ನಾದಿನಿ ಹರಿತಾಳ ನಿಶ್ಚಿತಾರ್ಥ. ಹೆಣ್ಣಿನ ಕಡೆಯಿಂದ ಮಾತಾಡಬೇಕಾದವನು ಹಿರಿಯಳಿಯ ರಘುನಾಥ. ಗಂಜಿ ಹಾಕಿ ಇಸ್ತ್ರಿ ಮಾಡಿಸಿದ ಬಿಳಿ ಅಂಗಿ ತೊಟ್ಟು, ದಂಡೆತ್ತಿ ಹೊರಟ ಪಾಳೇಗಾರನಂತೆ ಕಾರು ಹತ್ತಿದ. ಬೆಲ್ಟನ್ನು ಬೆನ್ನ ಹಿಂದಿನಿಂದಲೇ ಎಳೆದು ಸಿಕ್ಕಿಸಿ, ಅದಕ್ಕೆ ಒರಗಿ ಕುಳಿತ. ಕೀಂ ಕೀಂ ಎನ್ನುತ್ತಿದ್ದ ಕಾರು ಮೋಸ ಹೋಗಿ ಸುಮ್ಮನಾಯಿತು.

"ಮುಂದಕ್ಕೆ ಹಾಕ್ಕಳ್ರೀ," ಎಂದಳು ಹೆಂಡತಿ ಪದ್ಮಲತಾ.

"ಅಂಗಿ ಮುದುರ್ತದೆ ಕಣೇ. ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡಿದಿರೋ ಕೈ ಇದು. ನಾನು ಬತ್ತೀನಿ ಅಂದ್ರೆ ಎಮ್ಮೆನೂ ಪಕ್ಕಕ್ಕೆ ಸರೀತದೆ!"

"ಸರೀತದೆ. ಎಮ್ಮೆಗೆ ಬುದ್ಧಿ ಐತೆ," ಎಂದು ಅವಳು ತನ್ನ ಬೆಲ್ಟ್ ಹಾಕಿಕೊಂಡಳು.

ರೊದ್ದಂ ಹತ್ತಿರ ಎಮ್ಮೆ ಸರಿಯಿತು. ಪೊಲೀಸ್ ಸರಿಯಲಿಲ್ಲ.

"ಬೆಲ್ಟ್ ಏದಿ ಸಾರ್?" ಬೆಲ್ಟ್ ಎಲ್ಲಿ ಎಂದು ತೆಲುಗಿನಲ್ಲಿ ಕೇಳಿದ.

"ಉಂದಿ ಸಾರ್, ವೆನಕ ಉಂದಿ," ಎಂದು ರಘುನಾಥ ಬೆನ್ನು ತೋರಿಸಿದ.

"ಗುಂಡೆ ಕೂಡಾ ವೆನಕೇ ಉಂದಾ?"

ಗುಂಡಿಗೆಯೂ ಬೆನ್ನಲ್ಲೇ ಇದೆಯೇ ಎಂಬ ಪ್ರಶ್ನೆಗೆ ಇಪ್ಪತ್ತು ವರ್ಷದ ಅನುಭವ ಲೈಸೆನ್ಸ್ ತೆಗೆದು ಕೊಟ್ಟಿತು.

ದಂಡ ಹಾಕುವ ಮಿಷನ್ನಿಗೆ ಸಿಗ್ನಲ್ ಬರಲಿಲ್ಲ. ಮುಹೂರ್ತ ಮೀರುತ್ತಿತ್ತು. ರಘುನಾಥ ಮಾವ ಈರಲಿಂಗಪ್ಪನಿಗೆ ಫೋನ್ ಮಾಡಿ ಅರಚಿದ: "ಮಾವಾ, ಲೇಟಾಗ್ತದೆ! ಪೊಲೀಸ್ನೋರು ಬೆಲ್ಟ್ ಕೇಸಲ್ಲಿ ಹಿಡ್ಕಂಬುಟ್ಟವ್ರೆ!"

ಅಷ್ಟಕ್ಕೆ ಲೈನು ಕಡಿಯಿತು.

ನಮ್ಮ ಸೀಮೆಯಲ್ಲಿ ಬೆಲ್ಟ್ ಶಾಪ್ ಎಂದರೆ ಸೊಂಟಪಟ್ಟಿ ಮಾರುವ ಅಂಗಡಿಯಲ್ಲ, ಊರ ಸಂದಿಯಲ್ಲಿ ಕದ್ದು ಮದ್ಯ ಮಾರುವ ಜಾಗ. ಬೆಲ್ಟ್ ಕೇಸ್ ಎಂದರೆ ಅದೇ ಕೇಸು. ಕಾರಿನ ಬೆಲ್ಟಿಗೂ ಕೇಸಾಗುತ್ತದೆಂದು ಕಲ್ಯಾಣದುರ್ಗದ ಆ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹಾಕದವರನ್ನು ಹಿಡಿಯುವುದು ಕಂಡಿದ್ದರಲ್ಲವೇ ಹೊಳೆಯುವುದು! ಈರಲಿಂಗಪ್ಪನಿಗೆ ಕಿವಿ ಮಂದ, ಆದ್ದರಿಂದ ಫೋನ್ ಸ್ಪೀಕರಿನಲ್ಲಿತ್ತು. ಗಂಡಿನ ಕಡೆಯವರು ಎದುರಿಗೇ ಕೂತಿದ್ದರು.

ರಘುನಾಥ ಹೊಸಿಲು ದಾಟಿದ. ಮಾವ ಕಿವಿಯಲ್ಲಿ ಕೇಳಿದ. ಕಿವಿ ಮಂದವಿದ್ದವನ ಗುಟ್ಟು ಬೀದಿಗೆಲ್ಲ ಕೇಳಿಸಿತು.

"ಎಷ್ಟು ಬಾಟ್ಲಿ ಸಿಕ್ಕವಪ್ಪಾ?"

"ಯಾವ ಬಾಟ್ಲಿ ಮಾವಾ?"

ಗಂಡಿನ ತಾಯಿ ಪದ್ಮಾವತಮ್ಮ ತಂದಿದ್ದ ಸೀರೆಯನ್ನು ಚೀಲಕ್ಕೆ ಸೇರಿಸುತ್ತಿದ್ದರು. "ಹೆಂಡ ಮಾರೋರ ಮನೆ ಹೆಣ್ಣು ನಮ್ಗೆ ಬ್ಯಾಡ ಕಣಪ್ಪ."

ಬಾಗಿಲಲ್ಲಿ ನಿಂತಿದ್ದ ಹರಿತಾ ಬಾವನನ್ನು ನೋಡಿದ ನೋಟಕ್ಕೆ ಅಂಗಿಯ ಗಂಜಿ ಇಳಿಯಿತು.

"ಅಯ್ಯೋ ಅಮ್ಮಾ, ಹೆಂಡ ಅಲ್ಲ! ಸೀಟ್ ಬೆಲ್ಟು! ಪದ್ಮಲತಾ ಹಾಕ್ಕಂಡಿದ್ಲು, ನಾನು ಹಾಕ್ಕಂಡಿರ್ಲಿಲ್ಲ, ಅಷ್ಟೇಯ!" ಎಂದು ರಘುನಾಥ ಗೆದ್ದವನಂತೆ ನಕ್ಕ.

ಬೇರೆ ಯಾರೂ ನಗಲಿಲ್ಲ. ಅಲ್ಲಿಯವರೆಗೆ ತುಟಿ ಬಿಚ್ಚದ ಗಂಡಿನ ತಂದೆ ನಾಗರಾಜ್ ಬಾಯಿಗೆ ಕೈ ಹಾಕಿ, ಹಲ್ಲುಸೆಟ್ಟನ್ನು ತೆಗೆದು, ತಾಂಬೂಲದ ತಟ್ಟೆಯಲ್ಲಿ ಅರಿಸಿನದ ಕೊಂಬಿನ ಪಕ್ಕ ಇಟ್ಟರು.

"ಬೆಳುಗುಪ್ಪ ತಿರುವಿನಾಗೆ ಗಾಡಿ ಗುದ್ದಿ ಫ್ಟೇರಿಂಗು ಕಚ್ಚಿದ್ದೆ," ಎಂದರು ಬೊಚ್ಚುಬಾಯಲ್ಲಿ. "ನಾನೂ ಅಷ್ಟೇಯ ಅಂದ್ಕಂಡಿದ್ದೆ."

ರಘುನಾಥನಿಗೆ ನಗು ಬಂದಿತ್ತು. ಪದ್ಮಾವತಮ್ಮ ಮುಂದುವರಿಸಿದರು.

"ಪಕ್ಕದ ಸೀಟಲ್ಲಿ ನನ್ನ ತಮ್ಮ ಕೂತಿದ್ದ. ಅವನೂ ಹಾಕ್ಕಂಡಿರ್ಲಿಲ್ಲ. ಇವ್ರಿಗೆ ಹಲ್ಲು ಕಟ್ಟಿಸ್ಕಂಡು ಬಂದ್ವಿ. ತಮ್ಮನ್ನ ಎಲ್ಲಿ ಕಟ್ಟಿಸ್ಕಂಡು ಬರಾನ?"

ನಗು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು.

"ಹೆಂಡದ ಕೇಸಾಗಿದ್ರೆ ಲಾಯರ್ ಬಿಡಿಸ್ತಿದ್ದ. ನಮ್ಮ ಸೊಸೆ ನಿನ್ನ ಕಾರಲ್ಲಿ ಕೂರಾಕಿಲ್ಲ ಕಣಪ್ಪ. ಮದುವೆ ದಿನ ಹೆಣ್ಣು ಕರ್ಕಂಬರೋ ಗಾಡಿ ಪದ್ಮಲತಾ ಹೊಡೀಲಿ. ಒಪ್ಪಿದ್ರೆ ತಾಂಬೂಲ, ಇಲ್ದಿದ್ರೆ ಹೊರಟ್ವಿ."

"ಅವಳಿಗೆ ಡ್ರೈವಿಂಗೇ ಬರಲ್ವಲ್ಲಮ್ಮಾ!"

"ಬೆಲ್ಟ್ ಹಾಕಾಕೆ ಬತ್ತದಲ್ಲ. ಮಿಕ್ಕಿದ್ದು ಎರಡು ತಿಂಗಳಲ್ಲಿ ಕಲೀತಾಳೆ."

ಹರಿತಾಳ ಮುಖ ನೋಡಿ, ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡಿದ ಕೈ ಹೆಂಡತಿಗೆ ಕೀ ಕೊಟ್ಟಿತು. ನಾಗರಾಜ್ ಹಲ್ಲು ಹಾಕಿಕೊಂಡರು, ತಾಂಬೂಲ ಬದಲಾಯಿತು.

ನಕ್ಕಿರಾ? ನಿಮ್ಮ ಕಾರಿನ ಬೆಲ್ಟ್ ಈಗ ಯಾವ ಸೀಟಿನ ಬೆನ್ನಿಗೆ ಬಿಗಿದುಕೊಂಡಿದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಈ ಹಾಳೆ ಮಡಚಿಡಿ. ಏಳಿ. ಹೋಗಿ ಅದನ್ನು ಬಿಚ್ಚಿ ಬನ್ನಿ.