ಹೆಬ್ಬಾತಿನ ಹೊಟ್ಟೆಯ ಮೊಳೆ

ಹೆಬ್ಬಾತಿನ ಹೊಟ್ಟೆಯಲ್ಲಿ ಮೊಳೆ ಸಿಕ್ಕಿದ್ದು ಶುಕ್ರವಾರ ಬೆಳಿಗ್ಗೆ. ಬೇರೆ ದಿನ ಸಿಕ್ಕಿದ್ದರೆ ಗೆಟ್ಸಲ್ ಇಷ್ಟು ಬೆವರುತ್ತಿರಲಿಲ್ಲ. ಆದರೆ ಅಂದು ಸಂಜೆ ಯಹೂದಿಗಳ ವಾರದ ಹಬ್ಬವಾದ ಸಬ್ಬತ್ತಿನ ಊಟಕ್ಕೆ ಪಕ್ಕದೂರಿನ ಮರದ ವ್ಯಾಪಾರಿ ಕಲ್ಮನ್ ಬರುವವನಿದ್ದ. ಗೆಟ್ಸಲ್‌ನ ಮಗಳು ಪೆಸ್ಸಿಯನ್ನು ಸೊಸೆ ಮಾಡಿಕೊಳ್ಳಬೇಕೋ ಬೇಡವೋ ಎಂದು ಹೇಳಿಹೋಗುವವನಿದ್ದ. ಕಲ್ಮನ್ ಮಹಾ ಮಡಿವಂತ. ಕಿಟಕಿಗೆ ಗಾಜು ಕೂರಿಸಿ ಹೊಟ್ಟೆ ಹೊರೆಯುವವನ ಮನೆಗೆ ಅಂಥ ಸಂಬಂಧ ಮತ್ತೆ ಮತ್ತೆ ಹುಡುಕಿಕೊಂಡು ಬರುತ್ತದೆಯೇ?

ಹಕ್ಕಿಯ ಹೊಟ್ಟೆಯಲ್ಲಿ ಕಾಳು ಅರೆಯುವ ಗಟ್ಟಿ ಚೀಲ ಇರುತ್ತದಲ್ಲ, ಮೊಳೆ ಅದರೊಳಗಿತ್ತು. ಚೀಲವನ್ನು ತೂರಿಕೊಂಡು ಆಚೆ ಬಂದಿದ್ದರೆ ಇಡೀ ಹೆಬ್ಬಾತು ನಿಷಿದ್ಧ. ಇಲ್ಲದಿದ್ದರೆ ಕೋಷರ್, ಧಾರಾಳವಾಗಿ ತಿನ್ನಬಹುದು. ಅದನ್ನು ಹೇಳಬೇಕಾದವರು ಊರಿನ ಧರ್ಮಗುರು ರಬ್ಬಿಗಳು.

ಹೆಂಡತಿ ಝ್ಲಾಟಾ ದನಿ ತಗ್ಗಿಸಿದಳು. "ಆಚೆ ಬಂದಿಲ್ಲ ಅನ್ಸತ್ತೆ ಕಣ್ರೀ. ಸುಮ್ನೆ ಒಲೆ ಮೇಲೆ ಇಟ್ಬಿಡ್ಲಾ? ಯಾರಿಗೆ ಗೊತ್ತಾಗತ್ತೆ?"

"ನಮಗೆ ಗೊತ್ತಲ್ಲೇ," ಎಂದ ಗೆಟ್ಸಲ್. "ಅನ್ಸತ್ತೆ ಅಂತ ಹೇಳ್ಕೊಂಡು ಕಲ್ಮನ್ ಅವರ ಪುಣ್ಯನೆಲ್ಲ ಕೆಡಿಸೋದಾ?"

ಪುಣ್ಯಾತ್ಮ ಹಾಗೆಂದವನೇ ಚೀಲವನ್ನು ಬಟ್ಟೆಯಲ್ಲಿ ಸುತ್ತಿ, ಕೋಟಿನೊಳಗೆ ಬಚ್ಚಿಟ್ಟುಕೊಂಡು ಹೊರಟ. ಬಚ್ಚಿಟ್ಟರೆ ಉಳಿಯುವ ಊರೇ ಅದು? ಬಾವಿಕಟ್ಟೆಯಲ್ಲಿ ಡ್ವೊಶಾ ಇದ್ದಳು. ಆ ಬೀದಿಯಲ್ಲಿ ಯಾರ ಮನೆಯ ಒಲೆ ಹೊತ್ತಿತು, ಯಾರದು ಹೊತ್ತಲಿಲ್ಲ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಕೋಟಿನಿಂದ ನೀರು ತೊಟ್ಟಿಕ್ಕುವುದನ್ನು ನೋಡಿ ತಡೆದಳು. ಗೆಟ್ಸಲ್‌ಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಇದ್ದದ್ದನ್ನು ಹೇಳಿದ. ಅವನು ಬ್ರೆಡ್ಡಿನಂಗಡಿ ದಾಟುವಷ್ಟರಲ್ಲಿ ಮೊಳೆ ಎರಡಾಗಿತ್ತು. ಪ್ರಾರ್ಥನಾ ಮಂದಿರದ ಹತ್ತಿರ ಅದು ಕುದುರೆ ಲಾಳವಾಗಿ, ಪಾಪ, ಪೆಸ್ಸಿಯ ಮದುವೆ ಮುರಿದೇಹೋಗಿತ್ತು. ಹಕ್ಕಿ ಕೊಯ್ದವನು ತನ್ನ ಕೈಯ ಹೆಸರು ಕೆಡುತ್ತದೆಂದು ಕೂಗಾಡುತ್ತ ಹಿಂದೆ ಬಿದ್ದ. ಅವನ ಹಿಂದೆ ಕೆಲಸವಿಲ್ಲದವರೆಲ್ಲ ಬಂದರು.

ರಬ್ಬಿಗಳು ಯಾರ ಮಾತೂ ಕೇಳಿಸಿಕೊಳ್ಳಲಿಲ್ಲ. ಚೀಲವನ್ನು ತೊಳೆದು, ಒಳಪೊರೆ ಸುಲಿದು, ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಹೊರಗಡೆ ತೂತಿಲ್ಲ, ರಕ್ತದ ಕಲೆಯೂ ಇಲ್ಲ.

"ಕೋಷರ್," ಎಂದರು ರಬ್ಬಿಗಳು. "ಹೋಗಪ್ಪ, ಅಡುಗೆಗೆ ಹೊತ್ತಾಯ್ತು."

ತಮ್ಮದೇ ಹೆಬ್ಬಾತು ಗೆದ್ದಂತೆ ಎಲ್ಲರೂ ಹಿಗ್ಗಿದರು. ಎಷ್ಟು ಹಿಗ್ಗಿದರೆಂದರೆ, ಮಧ್ಯಾಹ್ನ ಕಲ್ಮನ್‌ನ ಗಾಡಿ ಊರು ಹೊಕ್ಕಾಗ ಡ್ವೊಶಾ ಅದನ್ನು ನಿಲ್ಲಿಸಿ, ಮೊಳೆಯಿಂದ ಹಿಡಿದು ತೀರ್ಪಿನವರೆಗೆ ಒಪ್ಪಿಸಿಯೇ ಮುಂದೆ ಬಿಟ್ಟಳು.

ಸಂಜೆ ದೀಪ ಹಚ್ಚಿಯಾಯಿತು, ದ್ರಾಕ್ಷಾರಸದ ಮೇಲೆ ಮಂತ್ರ ಹೇಳಿಯಾಯಿತು. ಮೀನಿನ ನಂತರ ಹೆಬ್ಬಾತು ಬಂತು, ಕೊಬ್ಬಿನಲ್ಲಿ ಮಿರಿಮಿರಿ ಮಿಂಚುತ್ತ. ಕಲ್ಮನ್ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ.

"ರಬ್ಬಿಗಳು ಕೋಷರ್ ಅಂದ್ಮೇಲೆ ಕೋಷರ್ರೇ. ಆದ್ರೆ ನಮ್ಮನೇಲಿ ಅಜ್ಜನ ಕಾಲದ ಒಂದು ಕಟ್ಟು ಇದೆ. ತಿನ್ಬೋದಾ ಅಂತ ಯಾವ ಮಾಂಸದ ಬಗ್ಗೆ ಕೇಳ್ಬೇಕಾಯ್ತೋ, ಅದನ್ನ ನಾವು ಮುಟ್ಟಲ್ಲ."

ಝ್ಲಾಟಾ ಗಂಡನನ್ನು ನೋಡಿದಳು. ಕೇಳದೆ ಬೇಯಿಸಿದ್ದರೆ ಈ ಮಹಾನುಭಾವ ಈಗ ಮೂಳೆ ಚೀಪುತ್ತಿದ್ದ. ಅತಿಥಿ ಮುಟ್ಟದ್ದನ್ನು ಮನೆಯವರು ಮುಟ್ಟುವುದು ಹೇಗೆ? ಎಲ್ಲರೂ ಬ್ರೆಡ್ಡಿಗೆ ಮೂಲಂಗಿ ನಂಜಿಕೊಂಡರು. ಮಗಳ ಮುಖ ನೋಡಲಾಗದೆ ಗೆಟ್ಸಲ್ ತಲೆ ತಗ್ಗಿಸಿ ಕೂತ.

ಆಗ ಕಲ್ಮನ್ ಗಂಟಲು ಸರಿಮಾಡಿಕೊಂಡ. "ಇನ್ನೊಬ್ಬ ಆಗಿದ್ರೆ ಮೊಳೆ ಬಿಸಾಕಿ ಬಾಯಿ ಮುಚ್ಕೊಂಡಿರ್ತಿದ್ದ. ನೀವು ಊರೆದುರು ಹೋಗಿ ಕೇಳಿದ್ರಿ. ಇಂಥಾ ಮನೆ ಹುಡುಗಿನೇ ನಮಗೆ ಬೇಕು, ಬೀಗರೇ."

ಬೀಗರೇ! ಗೆಟ್ಸಲ್‌ನ ಕಣ್ಣು ತುಂಬಿಬಂತು. ಹೆಂಡತಿಯ ಕಡೆ ತಿರುಗಿ ನೋಡುವ ಧೈರ್ಯವೂ ಬಂತು.

"ಪದ್ಧತಿ ಗೊತ್ತೇ ಇದ್ಯಲ್ಲ," ಎಂದು ಕಲ್ಮನ್ ಮುಂದುವರಿಸಿದ. "ಮದುವೆ ಆದ್ಮೇಲೆ ಹುಡುಗ ಧರ್ಮಗ್ರಂಥ ಓದ್ಕೊಂಡು ಐದು ವರ್ಷ ಮಾವನ ಮನೇಲೇ ಊಟ ಮಾಡ್ತಾನೆ. ಆಮೇಲೆ ಮಾತು ಬರ್ಬಾರ್ದು ನೋಡಿ, ಮೊದಲೇ ಹೇಳಿರ್ತೀನಿ. ನಾನಾದ್ರೂ ಊರವರು ಹೇಳಿದ್ರೆ ಮಾತ್ರ ತಿನ್ನೋದು ಬಿಡ್ತೀನಿ. ಅವನು ಪ್ರತಿ ತುತ್ತಿಗೂ ತಿನ್ಬೋದಾ ಅಂತ ತಾನೇ ಕೇಳ್ತಾನೆ."