ನಮ್ಮ ಮನೆಯ ಇಂಗ್ಲಿಷ್ ಹುಡುಗಿ

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಲು ನಾಲಿಗೆಯೇ ಹೊರಳದ ಜನ ಕೆಲವರಿರುತ್ತಾರೆ. ದಾರಿ ಕೇಳಿದರೆ ತಪ್ಪು ದಾರಿಯನ್ನಾದರೂ ತೋರಿಸಿ ಕಳಿಸುತ್ತಾರೆಯೇ ಹೊರತು ಬರಿಗೈಯಲ್ಲಿ ಕಳಿಸುವುದಿಲ್ಲ. ಇಂಥವರಲ್ಲಿ ಒಬ್ಬನನ್ನು ನಾನು ಬಹಳ ಹತ್ತಿರದಿಂದ ಬಲ್ಲೆ. ಬೆಳಿಗ್ಗೆ ಗಡ್ಡ ಹೆರೆಯುವಾಗ ದಿನಾ ಕನ್ನಡಿಯಲ್ಲಿ ಸಿಗುತ್ತಾನೆ. ತಪ್ಪು ಪೂರ್ತಿ ಅವನದೂ ಅಲ್ಲ. ದಾವಣಗೆರೆಯ ಹತ್ತಿ ದಲಾಲರ ಮನೆತನದಲ್ಲಿ ಮೊಟ್ಟಮೊದಲು ಬಿ.ಎ. ಪಾಸು ಮಾಡಿದವನಿಗೆ ಗೊತ್ತಿಲ್ಲ ಎನ್ನುವ ಹಕ್ಕೇ ಇರುವುದಿಲ್ಲ. ತಂತಿ ಬಂದರೆ ಓದಬೇಕು, ಔಷಧದ ಸೀಸೆಯ ಮೇಲೆ ಏನು ಬರೆದಿದೆ ಹೇಳಬೇಕು, ದೆಹಲಿಯವರು ಮುಂದೇನು ಮಾಡುತ್ತಾರೆ ಎಂಬುದನ್ನು ಅವರಿಗಿಂತ ಮೊದಲೇ ತಿಳಿದಿರಬೇಕು. ಮಿಲ್ಲಿನ ಆಫೀಸಿನಲ್ಲಿ ನಾನು ಬರೀ ಗುಮಾಸ್ತ. ಮನೆಗೆ ಬಂದು ಚಪ್ಪಲಿ ಬಿಟ್ಟ ಕೂಡಲೇ ಪಂಡಿತ.

ನಮ್ಮ ಮನೆಯಲ್ಲಿ ಕರೆಂಟಿನ ಗ್ರಾಮಫೋನು ಒಂದಿತ್ತು. ಹುಬ್ಬಳ್ಳಿಯಲ್ಲಿ ಕೊಂಡದ್ದು. ಅಂಗಡಿಯವನು ಅದರ ಪಕ್ಕದ ಗುಂಡಿ ತಿರುಗಿಸಿ ಏನೋ ವಿವರಿಸಹೊರಟಾಗ ಅಪ್ಪಾಜಿ ಅವನನ್ನು ಅಲ್ಲಿಗೇ ತಡೆದಿದ್ದರು. "ಅದೆಲ್ಲ ನಮಗ್ಯಾಕ್ರಿ? ನಮ್ಮ ರಿಕಾರ್ಡಿಗೆ ಹೆಂಗೆ ಬೇಕೋ ಹಂಗೆ ಇಟ್ಟು ಕೊಡ್ರಿ, ಸಾಕು." ಅವನು ಇಟ್ಟುಕೊಟ್ಟ, ಗುಂಡಿ ಅಲ್ಲೇ ಇತ್ತು. ನಮ್ಮಲ್ಲಿದ್ದವೆಲ್ಲ ನಾಟಕದ ಹಾಡು, ವಚನಗಳ ದಪ್ಪ ದಪ್ಪ ರಿಕಾರ್ಡುಗಳು, ಚೆನ್ನಾಗಿಯೇ ಹಾಡುತ್ತಿದ್ದವು. ಮೇಲಾಗಿ ಆಯುಧ ಪೂಜೆಗೆ ನಮ್ಮವ್ವ ಅಂಗಡಿಯ ತಕ್ಕಡಿಗೆ, ನನ್ನ ಸೈಕಲ್ಲಿಗೆ, ಹೊಲಿಗೆ ಯಂತ್ರಕ್ಕೆ ಹಚ್ಚಿದಂತೆ ಇದಕ್ಕೂ ಮೂರು ಬೆರಳಿನಿಂದ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟಿದ್ದಳು. ಎಳೆದದ್ದು ಸರಿಯಾಗಿ ಆ ಗುಂಡಿಯ ಮೇಲೆ. ಸುತ್ತ ಬರೆದಿದ್ದ ಅಂಕಿಗಳೆಲ್ಲ ಮುಚ್ಚಿಹೋದವು. ಪೂಜೆ ಮಾಡಿದ ವಿಭೂತಿಯನ್ನು ಮುಂದಿನ ಆಯುಧ ಪೂಜೆಯವರೆಗೆ ಒರಸಬಾರದು ಎಂಬುದು ನಮ್ಮ ಮನೆಯ ಕಾನೂನು. ನನ್ನ ಸೈಕಲ್ಲಿನ ಗಂಟೆ ವಿಭೂತಿ ಕೂತು ಒಂದು ವರ್ಷ ಮೂಕವಾಗಿತ್ತು, ಹಾದಿಯಲ್ಲಿ ಬಾಯಿಂದಲೇ ಕೂಗಿಕೊಂಡು ಹೋಗುತ್ತಿದ್ದೆ.

ಆ ವರ್ಷವೇ ನನ್ನ ತಂಗಿ ಗಿರಿಜಾಳನ್ನು ಹರಿಹರಕ್ಕೆ ಕೊಟ್ಟಿದ್ದೆವು. ಅಳಿಯ ಮಹೇಶ್ವರಪ್ಪ ಅಲ್ಲಿನ ಯಂತ್ರದ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಹರಿಹರವೇನು ಕಾಶಿಯೇ? ರೈಲು ಹತ್ತಿ ಕೂತು ಎಲೆ ಅಡಿಕೆ ಜಗಿದು ಮುಗಿಸುವಷ್ಟರಲ್ಲಿ ಬರುತ್ತದೆ. ಆದರೂ ಅಪ್ಪಾಜಿ ಹೋಗುತ್ತಿರಲಿಲ್ಲ. ಬೀಗರ ಮನೆಗೆ ಸುಮ್ಮಸುಮ್ಮನೆ ಹೋದರೆ ಮರ್ಯಾದೆ ಕಡಿಮೆಯಾಗುತ್ತದಂತೆ. ಒಮ್ಮೆ ಹತ್ತಿಯ ವ್ಯವಹಾರಕ್ಕೆಂದು ಹರಿಹರಕ್ಕೇ ಹೋಗಿದ್ದವರು, ಮಗಳ ಮನೆಯ ಓಣಿಯ ತುದಿಯವರೆಗೆ ನಡೆದು, ಅಲ್ಲಿಂದ ಮನೆಯ ಬಾಗಿಲು ನೋಡಿ, ತಿರುಗಿ ಬಂದರು. ಇದನ್ನು ಅವರು ಯಾರಿಗೂ ಹೇಳಲಿಲ್ಲ. ಜೊತೆಗೆ ಹೋಗಿದ್ದ ಅಂಗಡಿಯ ಹಮಾಲ ಹೇಳಿದ.

ಮೊದಲ ದೀಪಾವಳಿಗೆ ಮಗಳು ಅಳಿಯ ಬಂದರು. ಅಳಿಯ ಮಾವನಿಗೆ ತಂದ ಉಡುಗೊರೆ ಒಂದು ಇಂಗ್ಲಿಷ್ ರಿಕಾರ್ಡು. ಯಂತ್ರ ಕೂಡಿಸಲು ಇಂಗ್ಲೆಂಡಿನಿಂದ ಬಂದಿದ್ದ ಸಾಹೇಬನೊಬ್ಬ ಊರಿಗೆ ಹೊರಡುವಾಗ ಕೊಟ್ಟು ಹೋದದ್ದಂತೆ. ಯಾವುದೋ ಸಿನಿಮಾದ ಹಾಡುಗಳು. ನಮ್ಮವಕ್ಕಿಂತ ಚಿಕ್ಕದು, ತೆಳ್ಳಗೆ, ಬಾಗಿಸಿದರೆ ಬಾಗುವಂಥದ್ದು. ಹೊದಿಕೆಯ ಮೇಲೆ ಸಮುದ್ರದ ದಂಡೆ, ಅಲ್ಲಿ ಗಿಟಾರು ಹಿಡಿದು ಹಲ್ಲು ಕಿರಿಯುತ್ತ ನಿಂತ ಬಿಳಿ ತರುಣ. ಅವನ ಕ್ರಾಪು ನೋಡಿದ ಮೇಲೆ ಅಳಿಯನ ಕ್ರಾಪು ಎಲ್ಲಿಂದ ಬಂತು ಎಂಬುದು ನಮಗೆ ತಿಳಿಯಿತು. ಹೋಳಿಗೆ, ಆರತಿ, ಪಟಾಕಿಯ ಗಲಾಟೆಯಲ್ಲಿ ರಿಕಾರ್ಡು ಹಚ್ಚಲು ಯಾರಿಗೂ ಪುರಸೊತ್ತಾಗಲಿಲ್ಲ. ಅವರು ಹರಿಹರಕ್ಕೆ ಹೋದ ಮೇಲೆ, ಮನೆ ಬಣಗುಟ್ಟುತ್ತಿದ್ದ ಒಂದು ಸಂಜೆ ಅಪ್ಪಾಜಿ ಹಚ್ಚಿದರು.

ಚಿಕ್ಕ ಹುಡುಗಿಯೊಬ್ಬಳು ಹಾಡತೊಡಗಿದಳು! ಏಳೆಂಟು ವರ್ಷದ ಕೂಸಿನ ದನಿ. ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಎಂಬಂತೆ ಗಡಿಬಿಡಿಯಿಂದ ಹಾಡಿ ಮುಗಿಸಿದಳು. ಅವ್ವ ಒಳಗಿನಿಂದ ಬಂದು ಹೊದಿಕೆ ನೋಡಿದಳು. "ಇದ್ರಾಗೆ ಗಂಡಸು ಅದಾನಲ್ಲೋ?" ಎಲ್ಲರೂ ನನ್ನ ಕಡೆ ತಿರುಗಿದರು. ಬಿ.ಎ.ಗೆ ಕರೆ ಬಂದಿತ್ತು. ನಾನು ಕ್ಷಣವೂ ತಡಮಾಡಲಿಲ್ಲ. ಸಿನಿಮಾದಲ್ಲಿ ತುಟಿ ಆಡಿಸುವವರು ಬೇರೆ, ಹಿಂದೆ ನಿಂತು ಹಾಡುವವರು ಬೇರೆ. ನಮ್ಮ ಹೀರೋಗಳು ಎಂದಾದರೂ ತಾವೇ ಹಾಡಿದ್ದಾರೆಯೇ? ಹೊದಿಕೆಯ ಮೇಲೆ ಇರುವವನು ಹೀರೋ, ಹಾಡಿದವಳು ಅವನ ಮಗಳ ಪಾತ್ರಕ್ಕೆ ದನಿ ಕೊಟ್ಟ ಹುಡುಗಿ. ಇಂಗ್ಲೆಂಡಿನಲ್ಲಿ ಇಂಥ ಮಕ್ಕಳಿಗೆ ಸಣ್ಣವರಿದ್ದಾಗಿನಿಂದ ತಾಲೀಮು ಕೊಡುತ್ತಾರೆ ಎಂದೆಲ್ಲ ಹೇಳಿದೆ. ಕಡೆಯ ಮಾತು ನನಗೇ ಹೊಸದಾಗಿತ್ತು, ಆದರೆ ಹೇಳಿದ ಮೇಲೆ ನಿಜವೆನ್ನಿಸಿತು.

ಅಪ್ಪಾಜಿ ಮಾತ್ರ ನನ್ನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. "ನಮ್ಮ ಗಿರಿಜವ್ವ ಹಿಂಗೆ ಹಾಡ್ತಿದ್ಲು," ಎಂದರು. ನಿಜ. ಗಿರಿಜಾ ಚಿಕ್ಕವಳಿದ್ದಾಗ ಅಂಗಡಿಯ ಹತ್ತಿಯ ರಾಶಿಯ ಮೇಲೆ ಹತ್ತಿ ಕೂತು ಹಾಡುತ್ತಿದ್ದಳು. ಹಾಡು ಮುಗಿದರೆ ಮಂಡಕ್ಕಿ ಮಿರ್ಚಿ ಕೊಡಿಸುತ್ತೇನೆ ಎಂದು ಅಪ್ಪಾಜಿ ಆಸೆ ಹಚ್ಚುತ್ತಿದ್ದುದರಿಂದ, ವಚನವಾಗಲಿ ಮಂಗಳಾರತಿಯಾಗಲಿ ಉಸಿರು ಕಟ್ಟಿ ಒಂದೇ ಓಟಕ್ಕೆ ಮುಗಿಸುತ್ತಿದ್ದಳು. ಅಂದಿನಿಂದ ಅಂಗಡಿ ಮುಚ್ಚಿ ಬಂದು ಕೈಕಾಲು ತೊಳೆದು, ಲಿಂಗಪೂಜೆ ಮುಗಿಸಿದ ಮೇಲೆ ಅಪ್ಪಾಜಿಗೆ ಆ ಹುಡುಗಿಯ ಹಾಡು ಬೇಕೇ ಬೇಕು. ಕಣ್ಣು ಮುಚ್ಚಿ ಕೂತು ಕೇಳುವರು. ಮಾತು ಒಂದೂ ಅರ್ಥವಾಗುತ್ತಿರಲಿಲ್ಲ. ಮಗಳ ಹಾಡಿನದೂ ಅವರಿಗೆ ಎಂದೂ ಅರ್ಥವಾಗಿರಲಿಲ್ಲವಂತೆ, ಅಷ್ಟು ಓಡುತ್ತಿದ್ದಳು.

ಬೇಸಿಗೆಯಲ್ಲಿ ನಾನು ಹರಿಹರಕ್ಕೆ ಹೋಗಿದ್ದೆ. ಕಾಫಿಗೆ ಕಾಯುತ್ತ ಕೂತಿದ್ದಾಗ ಬಚ್ಚಲಿನಿಂದ ಅಳಿಯನ ಹಾಡು ಕೇಳಿಬಂತು. ಅದೇ ಹಾಡು, ಆದರೆ ದಪ್ಪ ದನಿ, ನಿಧಾನ ನಡಿಗೆ. ಹೊರಗೆ ಬಂದ ಮೇಲೆ, "ಆ ಹುಡುಗಿ ಹಾಡನ್ನ ಯಾಕ್ರಿ ಇಷ್ಟು ನಿಧಾನ ಹಾಡ್ತೀರಿ?" ಎಂದೆ. ಅಳಿಯ ತಲೆ ಒರಸಿಕೊಳ್ಳುವುದನ್ನು ನಿಲ್ಲಿಸಿದರು.

"ಯಾವ ಹುಡುಗಿ ಭಾವಾರೆ? ಅವ ಗಂಡಸು. ಫೋಟೋದಾಗೆ ಅದಾನಲ್ರಿ, ಅವನೇ ಹಾಡೋನು. ಸಾಹೇಬ್ರು ದಿನಾ ಹಚ್ತಿದ್ರು."

ನಾನು ಹಿನ್ನೆಲೆ ಗಾಯನದ ಪಾಠ ಶುರುಮಾಡಿದೆ. ಅವರು ಮರ್ಯಾದೆಯಿಂದ ಪೂರ್ತಿ ಕೇಳಿ, ಆಮೇಲೆ ಮೆಲ್ಲಗೆ, "ನಿಮ್ಮ ಮಿಷಿನ್ನಿನ ಗುಂಡಿ ಎಷ್ಟರ ಮ್ಯಾಲೆ ಐತ್ರಿ?" ಎಂದರು. ವಿಭೂತಿಯ ಮೇಲೆ ಐತೆ ಎಂದು ಹೇಳಲೇ? ಹಳೆಯ ರಿಕಾರ್ಡಿನ ವೇಗ ಹೆಚ್ಚು, ಇದರದು ಕಡಿಮೆ, ಇದನ್ನು ಆ ವೇಗದಲ್ಲಿ ಓಡಿಸಿದರೆ ಗಂಡಸಿನ ದನಿ ಕೂಸಿನದಾಗುತ್ತದೆ ಎಂದು ಅಳಿಯ ಹೇಳುವಾಗ ನಾನು ಖಾಲಿ ಲೋಟದಿಂದ ಕಾಫಿ ಕುಡಿಯುತ್ತಿದ್ದೆ. ಅಪ್ಪಾಜಿ ಅದನ್ನು ದಿನಾ ಯಾಕೆ ಕೇಳುತ್ತಾರೆ ಎಂದು ತಿಳಿದಾಗ ಗಿರಿಜಾ ಸೆರಗು ಬಾಯಿಗಿಟ್ಟುಕೊಂಡು ಅಡಿಗೆಮನೆಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಹೊರಡುವಾಗ ಇಬ್ಬರಿಂದಲೂ ಆಣೆ ಹಾಕಿಸಿಕೊಂಡೆ. ಅಪ್ಪಾಜಿಗೆ ಇದು ತಿಳಿಯಕೂಡದು. ದಿನದಲ್ಲಿ ಅವರಿಗಿರುವುದು ಆ ಒಂದು ಹಾಡಿನ ಸುಖ, ಅದನ್ನು ನನ್ನ ಬಾಯಿಂದ ಕೆಡಿಸಲಾರೆ.

ಅಂದಿನಿಂದ ನಾನು ಆ ಗುಂಡಿಯ ಕಾವಲುಗಾರನಾದೆ. ಕರೆಂಟು ರಿಪೇರಿಯವನು ಬಂದರೆ ಯಂತ್ರದ ಮುಂದೆ ಅಡ್ಡ ನಿಂತೆ. ಅವ್ವ ಧೂಳು ಒರಸಲು ಬಂದರೆ ಬಟ್ಟೆ ಕಸಿದುಕೊಂಡು ನಾನೇ ಒರೆಸಿದೆ, ಗುಂಡಿಯೊಂದನ್ನು ಬಿಟ್ಟು. ವಿಭೂತಿ ತೆಳ್ಳಗಾದೀತೆಂದು ಸೋಮವಾರಕ್ಕೊಮ್ಮೆ ಯಾರೂ ಇಲ್ಲದಾಗ ಹೊಸದಾಗಿ ಬಳಿದೆ. ಒಮ್ಮೆ ಅಪ್ಪಾಜಿ ಕೈಗೇ ಸಿಕ್ಕಿಬಿದ್ದೆ. "ಏನಲೇ, ಭಕ್ತಿ ಬಾಳ ಬಂದೈತಿ?" ಎಂದರು. ಬಂದಿದೆ ಎಂದೆ. ವಿಚಿತ್ರವೆಂದರೆ ಆ ವಿಭೂತಿ ನಾನು ಹಚ್ಚಿದ್ದಕ್ಕಿಂತ ದಪ್ಪವಾಗಿ ಕಾಣುತ್ತಿತ್ತು. ಶಿವನ ಮಹಿಮೆ ಎಂದುಕೊಂಡೆ.

ಗಿರಿಜಾ ಮೊದಲ ಹೆರಿಗೆಗೆ ಮನೆಗೆ ಬಂದಳು. ಬಂದ ಮೇಲೆ ಅಪ್ಪಾಜಿ ರಿಕಾರ್ಡು ಹಚ್ಚುವುದನ್ನೇ ಬಿಟ್ಟರು. ಸಂಜೆ ಅವಳನ್ನು ಎದುರಿಗೆ ಕೂಡಿಸಿಕೊಂಡು, ಅದು ತಿಂದೆಯಾ ಇದು ತಿಂದೆಯಾ ಎಂದು ಕೇಳುತ್ತಿದ್ದರು. ನಾನು ಹಿತ್ತಲಿನಲ್ಲಿ ಅವಳನ್ನು ಹಿಡಿದೆ. "ಬಾಯಿ ಬಿಟ್ಟಿಲ್ಲ ತಾನೆ?"

ಅವಳು ಒಗೆದ ಬಟ್ಟೆ ಹರವುವುದನ್ನು ನಿಲ್ಲಿಸಿ ಸೊಂಟದ ಮೇಲೆ ಕೈಯಿಟ್ಟಳು. "ಅಣ್ಣಾ, ನಿನ್ನ ಆಣೆ ಒಂದು ಕಡೆ, ಅಪ್ಪಾಜಿ ಆಣೆ ಒಂದು ಕಡೆ. ಬಸುರಿ ಹೆಣ್ಮಗಳು ಎಷ್ಟು ಅಂತ ಹೊರಬೇಕೋ? ಅಪ್ಪಾಜಿಗೆ ಸಂಕ್ರಾಂತಿ ಹೊತ್ತಿಗೇ ಗೊತ್ತಾಗೈತಿ. ಯಾರೂ ಇಲ್ದಾಗ ಒರೆಸಿ, ಗುಂಡಿ ತಿರುವಿ ಕೇಳ್ಯಾರ. ಮತ್ತೆ ಮೊದಲಿನಂಗೇ ಇಟ್ಟು, ಆವಾಗಿಂದ ವಿಭೂತಿ ಹಚ್ಕೊಂತ ಬಂದಾರ. 'ಆ ಗಂಡಸೂ ಚೆಂದ ಹಾಡ್ತಾನವ್ವ, ಆದ್ರೆ ಅವನ ದನ್ಯಾಗೆ ನೀ ಬರಲಿಲ್ಲ' ಅಂತ ನಾ ಬಂದ ಮ್ಯಾಲೆ ಹೇಳಿದ್ರು."

"ಮತ್ತೆ ನನಗ್ಯಾಕ ಹೇಳಲಿಲ್ಲ?"

"ಹೇಳಬ್ಯಾಡ ಅಂತ ಆಣೆ ಹಾಕಿಸ್ಕೊಂಡಾರ. 'ನಿಮ್ಮಣ್ಣ ಅಷ್ಟೆಲ್ಲ ಬಿಡಿಸಿ ಹೇಳ್ಯಾನ, ಓದಿದ ಹುಡುಗ, ಪಾಪ ಮನಸ್ಸಿಗೆ ಹಚ್ಕೊಂತಾನ' ಅಂದ್ರು."

ನಾನು ತಿಂಗಳುಗಟ್ಟಲೆ ಕಾದದ್ದು ಅಪ್ಪಾಜಿಯ ಸುಖವನ್ನಂತೆ. ಅವರು ಕಾದದ್ದು ನನ್ನ ಬಿ.ಎ.ಯನ್ನು. ಇಬ್ಬರೂ ಒಂದೇ ಗುಂಡಿಗೆ ವಿಭೂತಿ ಬಳಿದಿದ್ದೆವು. ನಾನು ಅವಳ ಕೈಯಿಂದ ಒದ್ದೆ ಬಟ್ಟೆ ತೆಗೆದುಕೊಂಡು ಹರವತೊಡಗಿದೆ.

ಅಂದು ಸಂಜೆ ಅಪ್ಪಾಜಿ ನನ್ನನ್ನು ಕೂಗಿ ಕರೆದರು. "ಬಾರೋ, ಕೂಡು. ಆ ಇಂಗ್ಲಿಷ್ ಹುಡುಗಿ ವಿಷಯ ಗಿರಿಜವ್ವಗೆ ಸ್ವಲ್ಪ ಬಿಡಿಸಿ ಹೇಳು. ಆಕಿ ನಿನ್ನ ಬಾಯಿಂದ ಕೇಳಿಲ್ಲ." ನಾನು ಅವರ ಮುಖ ನೋಡಿದೆ. ಮೀಸೆಯ ಒಂದು ಕೂದಲೂ ಅಲುಗಲಿಲ್ಲ. ಗಿರಿಜಾ ಸೆರಗಿನ ಅಂಚನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡು, "ನೋಡು ಗಿರಿಜಾ, ಇಂಗ್ಲೆಂಡಿನಲ್ಲಿ ಏನು ಮಾಡ್ತಾರೆ ಅಂದ್ರೆ..." ಎಂದು ಶುರುಮಾಡಿ, ತಾಲೀಮಿನವರೆಗೆ ಒಂದನ್ನೂ ಬಿಡದೆ ಹೇಳಿದೆ. ತೂಕ ಹೆಚ್ಚಲೆಂದು ನೀರು ಚಿಮುಕಿಸಿದ ಹತ್ತಿಯನ್ನು ಅಂಗಡಿಗೆ ತಂದು ಇದು ಒಣ ಹತ್ತಿ ಎಂದು ಪ್ರಮಾಣ ಮಾಡುವವರ ಮಾತನ್ನು ಕೇಳುವಾಗ ಹೇಗೆ ತಲೆಯಾಡಿಸುತ್ತಾರೋ ಹಾಗೆಯೇ ಅಪ್ಪಾಜಿ ಪ್ರತಿ ಮಾತಿಗೂ ತಲೆಯಾಡಿಸಿದರು. ನಾನು ಮುಗಿಸಿದ ಮೇಲೆ ಮಗಳ ಕಡೆ ತಿರುಗಿ, "ಎಷ್ಟು ತಿಳ್ಕೊಂಡಾನೆ ನೋಡವ್ವ," ಎಂದರು.